ಇಂಗ್ಲೆಂಡಿನ ಊರಿಗೂ ಫ್ರಾನ್ಸಿನ ಊರಿಗೂ ಅವಳಿ ನಂಟು: ಇದು ಶುರುವಾಗಿದ್ದು ಹೇಗೆ?

ಉಣ್ಣೆ ಊರಿನವಳು:
ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಪಶ್ಚಿಮ ಯಾರ್ಕ್‌ಶೈರ್‌ಗೆ ಬಂದು ಆರು ವರ್ಷವಾಯಿತು. ಇಲ್ಲಿ ಬಸ್ಸಿನಲ್ಲಿ ಓಡಾಡುವಾಗ ಒಂದು ವಿಷಯ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಊರು ಶುರುವಾಗುವ ಕಡೆ ಹೆಸರಿನ ಫಲಕ, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಾಲು: ಫ್ರಾನ್ಸಿನ ಇಂಥ ಊರಿನ ಅವಳಿ. ದೊಡ್ಡ ನಗರಕ್ಕೂ ಇದೆ, ನಾಲ್ಕು ಬೀದಿಯ ಹಳ್ಳಿಗೂ ಇದೆ. ಮೊದಮೊದಲು ಸುಮ್ನೆ ಓದಿ ಮರೆಯುತ್ತಿದ್ದೆ. ಆಮೇಲೆ ಹುಡುಕಲು ಕೂತೆ.

ನಾನಿರುವುದು ಕೀತ್ಲಿ ಊರಿನ ಹತ್ತಿರ. ಬರೆದಿರುವುದನ್ನು ನೋಡಿ ನಾನು ಅದನ್ನು ಕೇಯ್ಲಿ ಅಂದಿದ್ದೆ, ಬಸ್ ಡ್ರೈವರ್ ತಿದ್ದಿದರು. ಉಣ್ಣೆ ನೂಲುವ ಗಿರಣಿಗಳ ಊರು, ಆ ಗಿರಣಿಗಳಿಗೆ ಯಂತ್ರ ಮಾಡಿಕೊಡುತ್ತಿದ್ದ ಊರು. ಇಂದಿನ ಅರ್ಥದಲ್ಲಿ ಎರಡು ಊರುಗಳ ನಡುವೆ ದಾಖಲಾದ ಮೊದಲ ನಂಟು ಎಂದು ಸಾಮಾನ್ಯವಾಗಿ ಹೆಸರಿಸುವುದು ಇದೇ ಊರನ್ನು. 1920ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮೇಲೆ, ಕೀತ್ಲಿಯವರು ಉತ್ತರ ಫ್ರಾನ್ಸಿನ ಪ್ವಾ-ದ್ಯು-ನೋರ್ ಎಂಬ ಪುಟ್ಟ ಊರನ್ನು ದತ್ತು ತೆಗೆದುಕೊಂಡರು. ಹೌದು, ಆಗ ಬಳಸಿದ ಮಾತು ದತ್ತು ಎಂದೇ. ಅವಳಿ ಎಂದು ಕಾಗದಕ್ಕೆ ಸಹಿ ಬಿದ್ದದ್ದು 1986ರಲ್ಲಿ! ನಡುವೆ 66 ವರ್ಷ.

ಇದಕ್ಕೂ ಮೊದಲು, 1905ರಿಂದಲೇ, ಕೀತ್ಲಿಗೆ ಪ್ಯಾರಿಸ್ ಪಕ್ಕದ ಸುರೇನ್ ಮತ್ತು ಪ್ಯುತೋ ಊರುಗಳ ಜೊತೆ ಒಡನಾಟ ಇತ್ತು. 1904ರ ಏಪ್ರಿಲ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸರ್ಕಾರಗಳು ಹಳೆಯ ಜಗಳ ಬಗೆಹರಿಸಿಕೊಂಡು ಒಪ್ಪಂದ ಮಾಡಿಕೊಂಡಿದ್ದವು. ದೊಡ್ಡವರು ಕೈ ಕುಲುಕಿದ ಮರುವರ್ಷವೇ ಊರಿನವರು ಊರಿನವರನ್ನು ನೋಡಲು ಹೊರಟಿದ್ದರು.

ನನ್ನ ಪ್ರಶ್ನೆ ಇದು. ಇಷ್ಟೊಂದು ಊರುಗಳು ಯಾಕೆ ಹೀಗೆ ಜೋಡಿಯಾದವು? ಯಾರು ಜೋಡಿಸಿದರು? ತಿಳಿದವರು ಬರೆಯಿರಿ.

ಪೇಡಾ ಪ್ರಿಯ:
ಅವಳಿ ಅಂದ ಕೂಡಲೇ ನನಗೆ ನಮ್ಮ ಹುಬ್ಬಳ್ಳಿ–ಧಾರವಾಡ ನೆನಪಾಯಿತು. ನಮ್ಮಲ್ಲಿ ಅವಳಿ ನಗರ ಅಂದರೆ ಪಕ್ಕಪಕ್ಕದ ಊರು, ನಡುವೆ ಬಸ್ಸಿನ ದಾರಿ. ಇಲ್ಲಿ ನೋಡಿದರೆ ನಡುವೆ ಸಮುದ್ರ, ಭಾಷೆ ಬೇರೆ, ದೇಶ ಬೇರೆ. ಇದನ್ನು ಸೋದರ ನಗರ ಅನ್ನಬೇಕಲ್ವಾ?

ಉಣ್ಣೆ ಊರಿನವಳು:
ಅಮೆರಿಕದವರು ಸೋದರಿ ನಗರ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಅವಳಿ. ಫ್ರೆಂಚಿನಲ್ಲಿ ಜ್ಯುಮ್‌ಲಾಜ್, ಅದೂ ಅವಳಿ ಎಂಬ ಪದದಿಂದಲೇ ಬಂದದ್ದು. ಹಾಗಾಗಿ ಅವಳಿ ಅಂತಲೇ ಇಟ್ಟುಕೊಂಡೆ.

ಚರಿತ್ರೆ ಮೇಷ್ಟ್ರು:
ಒಳ್ಳೆಯ ಪ್ರಶ್ನೆ ತಂಗಿ. ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸೋಮ್ ನದಿಯ ಬಳಿ ನಡೆದ ಕದನದ ಬಗ್ಗೆ ವರ್ಷಗಟ್ಟಲೆ ಓದಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ.

1914ರಲ್ಲಿ ಬ್ರಿಟನ್ನಿನಲ್ಲಿ ಜನ ಸೈನ್ಯಕ್ಕೆ ಸೇರಿದ್ದು ಊರು ಊರಾಗಿ. ಒಂದೇ ಬೀದಿಯವರು, ಒಂದೇ ಗಿರಣಿಯವರು, ಒಂದೇ ಶಾಲೆಯಲ್ಲಿ ಓದಿದವರು ಒಂದೇ ಪಡೆಯಲ್ಲಿ ಇರಬಹುದು ಎಂದು ಸರ್ಕಾರ ಮಾತು ಕೊಟ್ಟಿತ್ತು. ಶೆಫೀಲ್ಡ್ ನಗರದ ಪಡೆ ಹಾಗೆಯೇ ಕಟ್ಟಿದ್ದು. ಸೋಮ್ ಕದನದ ಮೊದಲ ದಿನ, 1916ರ ಜುಲೈ 1ರ ಬೆಳಿಗ್ಗೆ, ಆ ಪಡೆ ಸೇರ್ ಎಂಬ ಹಳ್ಳಿಯ ಎದುರು ಏರಿ ಹೋಯಿತು. ಆ ಒಂದೇ ದಿನ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,470. ಸತ್ತವರೇ 19,240. ಒಟ್ಟಿಗೆ ಸೇರಿದವರು ಒಟ್ಟಿಗೇ ಹೋದರು. ಊರಿನಲ್ಲಿ ಒಂದೇ ಬೀದಿಯ ಮನೆಮನೆಗೂ ಸಾವಿನ ಸುದ್ದಿ ಬಂತು.

ಇನ್ನೊಂದು ವಿಷಯವನ್ನು ಜನ ಸಾಮಾನ್ಯವಾಗಿ ಗಮನಿಸುವುದಿಲ್ಲ. ಬ್ರಿಟಿಷ್ ಸರ್ಕಾರ ಸತ್ತವರ ದೇಹವನ್ನು ಊರಿಗೆ ತರಲು ಬಿಡಲಿಲ್ಲ. ಬಡವರಿಗೂ ಶ್ರೀಮಂತರಿಗೂ ಒಂದೇ ನಿಯಮ, ಬಿದ್ದಲ್ಲೇ ಮಣ್ಣು. 1920ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯಾಯಿತು. ತಾಯಂದಿರು ಎಷ್ಟು ಬೇಡಿಕೊಂಡರೂ ನಿಯಮ ಬದಲಾಗಲಿಲ್ಲ.

ಅದೇ ವರ್ಷದ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಒಂದು ಸಂಸ್ಥೆ ಶುರುವಾಯಿತು. ಫ್ರಾನ್ಸಿನ ಹಾಳಾದ ಪ್ರದೇಶಗಳಿಗಾಗಿ ಬ್ರಿಟಿಷ್ ನೆರವಿನ ಸಂಘ. ಬ್ರಿಟನ್ನಿನ ಒಂದೊಂದು ಊರು ಫ್ರಾನ್ಸಿನ ಹಾಳಾದ ಒಂದೊಂದು ಊರನ್ನು ದತ್ತು ತೆಗೆದುಕೊಳ್ಳಬೇಕು ಎಂಬುದು ಅದರ ಯೋಚನೆ. ಶೆಫೀಲ್ಡ್ ಯಾವುದನ್ನು ತೆಗೆದುಕೊಂಡಿತು ಗೊತ್ತೇ? ಸೇರ್, ಪಕ್ಕದ ಪ್ವಿಜಿಯೋ, ಮತ್ತು ಬಾಪೋಮ್. ತನ್ನ ಹುಡುಗರು ಬಿದ್ದ ಜಾಗವನ್ನೇ. ಬರ್ಮಿಂಗ್‌ಹ್ಯಾಮ್ ಆಲ್ಬೇರ್ ಪಟ್ಟಣವನ್ನು ತೆಗೆದುಕೊಂಡಿತು. ಅಲ್ಲಿನ ಚರ್ಚಿನ ಗೋಪುರದ ಮೇಲೆ ಮರಿಯಮ್ಮನ ಪ್ರತಿಮೆ ಶೆಲ್ ಬಿದ್ದು ಅಡ್ಡಲಾಗಿ ನೇತಾಡುತ್ತಿತ್ತು, ಆ ದಾರಿಯಲ್ಲಿ ಹೋದ ಸೈನಿಕರೆಲ್ಲ ಅದನ್ನು ಕಂಡಿದ್ದರು. ಆಲ್ಬೇರ್‌ನಲ್ಲಿ ಇವತ್ತಿಗೂ ಬರ್ಮಿಂಗ್‌ಹ್ಯಾಮ್ ಬೀದಿ ಇದೆ. ಬರ್ನ್‌ಲಿ ಕೋಲೆನ್‌ಕಾಂ ಹಳ್ಳಿಯನ್ನು, ಮೇಡ್‌ಸ್ಟನ್ ಮೋಂತೋಬಾನ್ ಹಳ್ಳಿಯನ್ನು, ಈವ್‌ಶಮ್ ಎಬ್ಯುತೆರ್ನ್ ಹಳ್ಳಿಯನ್ನು ತೆಗೆದುಕೊಂಡವು. ಲಂಡನ್ ವೆರ್ದನ್ ಅನ್ನು.

ಮಗನನ್ನು ಮನೆಗೆ ತರಲು ಆಗಲಿಲ್ಲ. ಹಾಗಾದರೆ ಮಗ ಮಲಗಿರುವ ಊರನ್ನಾದರೂ ನಮ್ಮದು ಮಾಡಿಕೊಳ್ಳೋಣ. ನನಗೆ ಕಾಣುವ ಮೂಲ ಇದು.

ಕಾಫಿ ತೋಟ:
ಮೇಷ್ಟ್ರೇ, ನೀವು ಬರೆದದ್ದು ಓದಿ ಮನಸ್ಸು ಭಾರವಾಯಿತು. ಆದರೂ ಒಂದು ತಕರಾರು ಇದೆ. ದತ್ತು ಬೇರೆ, ಅವಳಿ ಬೇರೆ. ದತ್ತು ಅಂದರೆ ಒಬ್ಬರು ಕೊಡುವವರು, ಒಬ್ಬರು ತೆಗೆದುಕೊಳ್ಳುವವರು. ಅವಳಿ ಅಂದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಸಮಾನರು. 1920ರಲ್ಲಿ ನಡೆದದ್ದು ದಾನ. ಅದನ್ನು ಇವತ್ತಿನ ಅವಳಿ ಊರುಗಳ ಮೂಲ ಅನ್ನುವುದು ಸರಿಯೇ?

ಚರಿತ್ರೆ ಮೇಷ್ಟ್ರು:
ತಕರಾರು ನ್ಯಾಯವಾಗಿದೆ. ಫ್ರೆಂಚರು ಆಗ ಬಳಸುತ್ತಿದ್ದ ಪದವೇ ನಿಮ್ಮ ಪರ. ನೆರವು ಕೊಟ್ಟ ಊರನ್ನು ಅವರು ಮಾರೆನ್ ಅನ್ನುತ್ತಿದ್ದರು. ಕ್ರೈಸ್ತರಲ್ಲಿ ಮಗುವಿನ ಜ್ಞಾನಸ್ನಾನದ ದಿನ ಜವಾಬ್ದಾರಿ ಹೊರುವ ಧರ್ಮತಾಯಿ ಅಂತ ಅರ್ಥ. ನೆರವು ಪಡೆದ ಊರು ಧರ್ಮಪುತ್ರಿ. ಸಮಾನರ ಮಾತು ಅಲ್ಲವೇ ಅಲ್ಲ.

ಆದರೆ ದಾನ ಅಂತ ತಳ್ಳಿಹಾಕಬೇಡಿ. ಕೊಟ್ಟವರೂ ಸುಖದಲ್ಲಿ ಇರಲಿಲ್ಲ. 1921ರಲ್ಲಿ ಬ್ರಿಟನ್ನಿನಲ್ಲಿ ಕೆಲಸವಿಲ್ಲದವರ ಸಂಖ್ಯೆ 20 ಲಕ್ಷ ದಾಟಿತ್ತು. ನಮ್ಮ ಮಕ್ಕಳಿಗೇ ಊಟವಿಲ್ಲ, ಫ್ರಾನ್ಸಿಗೆ ಯಾಕೆ ದುಡ್ಡು ಎಂದು ಊರೂರಲ್ಲಿ ಕೂಗು ಎದ್ದಿತು. ಆ ಕೂಗನ್ನೂ ತಪ್ಪು ಅನ್ನಲಾರೆ. ಸಂಘಕ್ಕೆ ಹಣ ಬರುವುದು ಕಡಿಮೆಯಾಯಿತು, ಅದು ಹೆಚ್ಚು ವರ್ಷ ಬಾಳಲಿಲ್ಲ. ಬಹಳಷ್ಟು ದತ್ತು ಸಂಬಂಧಗಳು ಹಾಗೇ ಮಾಸಿಹೋದವು. ಕೀತ್ಲಿ ಮತ್ತು ಪ್ವಾ-ದ್ಯು-ನೋರ್ ನಡುವಿನ ಎಳೆ ಉಳಿದು ಕೊನೆಗೆ ಅವಳಿಯಾಯಿತು. ನನಗೆ ಅದೇ ದೊಡ್ಡದು.

ಪೇಡಾ ಪ್ರಿಯ:
ನಡುವೆ ಒಂದು ಮಾತು. ಎಲ್ಲಕ್ಕಿಂತ ಹಳೆಯದು ಫ್ರಾನ್ಸಿನ ಲ ಮಾನ್ ಮತ್ತು ಜರ್ಮನಿಯ ಪಾಡರ್‌ಬಾರ್ನ್ ನಂಟು, 836ನೇ ಇಸವಿಯದು ಅಂತ ಓದಿದ್ದೆ. ಅದು ಸುಳ್ಳಾ?

ಚರಿತ್ರೆ ಮೇಷ್ಟ್ರು:
ಸುಳ್ಳಲ್ಲ. ಸಂತ ಲಿಬೋರಿಯಸ್ ಅವರ ಅಸ್ಥಿಯನ್ನು ಲ ಮಾನ್‌ನಿಂದ ಪಾಡರ್‌ಬಾರ್ನ್‌ಗೆ ಒಯ್ದಾಗ ಎರಡೂ ಕಡೆಯ ಚರ್ಚಿನವರು ಸೋದರತ್ವದ ಮಾತು ಕೊಟ್ಟುಕೊಂಡರು. ಆದರೆ ಅದು ಧರ್ಮಪೀಠಗಳ ನಡುವಿನ ನಂಟು. ಇಲ್ಲಿ ಕೇಳಿದ್ದು ಇಂಗ್ಲೆಂಡ್–ಫ್ರಾನ್ಸ್ ಊರಿನ ಜನರ ಬಗ್ಗೆ. ಅದನ್ನು ಬೇರೆ ಇಡೋಣ.

ರೈಲು ಹುಚ್ಚ:
ಕಾಫಿ ತೋಟ ಅವರ ಪ್ರಶ್ನೆಗೆ ನನ್ನ ಉತ್ತರ: ಸಮಾನರ ನಂಟು ಬೇಕು ಅಂದರೆ 1947ರ ಬ್ರಿಸ್ಟಲ್ ಮತ್ತು ಬೋರ್ದೋ ನೋಡಿ. ಅಲ್ಲಿ ಯಾರೂ ಯಾರನ್ನೂ ದತ್ತು ತೆಗೆದುಕೊಂಡಿಲ್ಲ. ವ್ಯಾಪಾರದ ಹಳೇ ನೆಂಟರು. 1152ರಲ್ಲಿ, ಬೋರ್ದೋ ಇರುವ ಅಕ್ವಿಟೇನ್ ಸೀಮೆಯ ಒಡತಿ ಎಲಿನೋರ್ ಹೆನ್ರಿಯನ್ನು ಮದುವೆಯಾದಳು. ಎರಡು ವರ್ಷದಲ್ಲಿ ಅವನು ಇಂಗ್ಲೆಂಡಿನ ರಾಜನಾದ. ಅಲ್ಲಿಂದ 1453ರವರೆಗೆ, ಹತ್ತಿರ ಹತ್ತಿರ ಮುನ್ನೂರು ವರ್ಷ, ಬೋರ್ದೋ ಇಂಗ್ಲೆಂಡಿನ ರಾಜರ ಕೈಯಲ್ಲೇ ಇತ್ತು. ಆ ಕಡೆಯಿಂದ ದ್ರಾಕ್ಷಾರಸ, ಈ ಕಡೆಯಿಂದ ಬಟ್ಟೆ. ಬ್ರಿಸ್ಟಲ್ ಬಂದರು ಬೆಳೆದದ್ದರಲ್ಲಿ ಆ ವ್ಯಾಪಾರದ ಪಾಲು ದೊಡ್ಡದು.

ನಿಮ್ಮ ಯಾರ್ಕ್‌ಶೈರ್ ಕಡೆಯೇ ಬ್ರಾಡ್‌ಫರ್ಡ್ ಮತ್ತು ರೂಬೆ ಇದೆಯಲ್ಲ, 1969ರದ್ದು. ಎರಡೂ ಉಣ್ಣೆಯ ಊರು. ಗಿರಣಿ ಮುಚ್ಚಿದರೆ ಏನಾಗುತ್ತದೆ ಎಂಬುದು ಎರಡು ಊರಿಗೂ ಒಂದೇ ರೀತಿ ಗೊತ್ತು. ಅದಕ್ಕಿಂತ ಅವಳಿತನ ಬೇಕೇ?

ಕಾಫಿ ತೋಟ:
ಒಪ್ಪಿದೆ. ಆದರೆ ಇದಕ್ಕೆ ಅವಳಿ ಎಂಬ ಹೆಸರು ಕೊಟ್ಟವರು ಯಾರು?

ಉಣ್ಣೆ ಊರಿನವಳು:
ಇದನ್ನು ನಾನು ಹುಡುಕಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಗುಪ್ತವಾಗಿ ಹೋರಾಡಿದ್ದ ಝಾನ್-ಮರಿ ಬ್ರೆಸಾಂದ್ ಎಂಬ ಫ್ರೆಂಚ್ ವ್ಯಕ್ತಿ 1951ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಅದರ ಹೆಸರೇ ದ್ವಿಭಾಷಾ ಜಗತ್ತು. ಪ್ರತಿಯೊಬ್ಬನಿಗೂ ತನ್ನ ಭಾಷೆಯ ಜೊತೆ ಇನ್ನೊಂದು ಭಾಷೆ ಬಂದರೆ ಜಗಳ ಕಡಿಮೆಯಾಗುತ್ತದೆ ಎಂದು ಅವರು ನಂಬಿದ್ದರು. ಪುಸ್ತಕದಿಂದ ಭಾಷೆ ಬರುವುದಿಲ್ಲ, ಮನೆಯಲ್ಲಿ ಇದ್ದರೆ ಬರುತ್ತದೆ. ಹಾಗಾಗಿ ಊರಿಗೆ ಊರು ಜೋಡಿಸಬೇಕು. ಅವರ ಸಂಸ್ಥೆ ಮೊದಮೊದಲು ಜೋಡಿಸಿದ್ದು ನಮ್ಮ ಯಾರ್ಕ್‌ಶೈರಿನ ಹ್ಯಾರೊಗೇಟ್ ಊರನ್ನು ಪಿರನೀಸ್ ಬೆಟ್ಟದ ಲ್ಯೂಶೋನ್ ಊರಿನ ಜೊತೆ. ವರ್ಷ 1952.

ನಾನು ಹ್ಯಾರೊಗೇಟ್‌ಗೆ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿ ಗಂಧಕದ ನೀರಿನ ಬುಗ್ಗೆಗಳಿವೆ. ಹಿಂದೆ ಜನ ಮೈಕೈ ನೋವಿಗೆ ಅಲ್ಲಿಗೆ ಬಂದು ನೀರು ಕುಡಿಯುತ್ತಿದ್ದರು, ಸ್ನಾನ ಮಾಡುತ್ತಿದ್ದರು. ಲ್ಯೂಶೋನ್ ಕೂಡ ಗಂಧಕದ ಬಿಸಿನೀರಿನ ಊರು. ಕೊಳೆತ ಮೊಟ್ಟೆಯ ವಾಸನೆಯ ನೀರನ್ನೇ ನಂಬಿ ಬೆಳೆದ ಎರಡು ಊರು!

ಅದೇ 1951ರಲ್ಲಿ ಜಿನೀವಾದಲ್ಲಿ ಯುರೋಪಿನ ಪುರಸಭೆಗಳ ಒಂದು ಒಕ್ಕೂಟವೂ ಹುಟ್ಟಿತು. 1957ರಲ್ಲಿ ಬ್ರೆಸಾಂದ್ ಅವರ ಕಡೆಯವರು ಅವಳಿ ನಗರಗಳ ಜಾಗತಿಕ ಒಕ್ಕೂಟ ಕಟ್ಟಿದರು. ಒಬ್ಬರ ಕಣ್ಣು ಯುರೋಪಿನ ಮೇಲೆ, ಇನ್ನೊಬ್ಬರ ಕಣ್ಣು ಇಡೀ ಜಗತ್ತಿನ ಮೇಲೆ, ರಷ್ಯಾ ಕಡೆಯ ಊರುಗಳ ಮೇಲೂ. ಇಬ್ಬರಿಗೂ ಹೊಂದಾಣಿಕೆ ಅಷ್ಟಕ್ಕಷ್ಟೇ.

ಪೇಡಾ ಪ್ರಿಯ:
ಒಂದು ಅರ್ಥವಾಗಲಿಲ್ಲ. ಫ್ರಾನ್ಸ್–ಜರ್ಮನಿ ಜೋಡಿ ನನಗೆ ತಿಳಿಯುತ್ತದೆ. ವೈರಿಗಳು, ರಾಜಿ ಆಗಬೇಕಿತ್ತು. ಮೋಂಬೆಲ್ಯಾರ್ ಮತ್ತು ಲೂಡ್ವಿಗ್ಸ್‌ಬುರ್ಗ್ 1950ರಲ್ಲೇ ಜೋಡಿಯಾದವಂತೆ. ಮೋಂಬೆಲ್ಯಾರ್‌ನ ಮೇಯರ್ ಲ್ಯೂಸಿಯೆನ್ ತಾರಾದೆನ್ ನಾಜಿಗಳ ಬುಖೆನ್‌ವಾಲ್ಡ್ ಸೆರೆಶಿಬಿರದಿಂದ ಬದುಕಿ ಬಂದವರು. ಅಂಥವರೇ ಜರ್ಮನ್ ಊರಿನ ಕಡೆ ಕೈ ಚಾಚಿದರು. ಇಂಗ್ಲೆಂಡ್ ಮತ್ತು ಫ್ರಾನ್ಸ್ ಎರಡೂ ಯುದ್ಧದಲ್ಲಿ ಒಂದೇ ಕಡೆ ಇದ್ದವರು. ಅವರಿಗೆ ಇದೆಲ್ಲ ಯಾಕೆ ಬೇಕಿತ್ತು?

ಚರಿತ್ರೆ ಮೇಷ್ಟ್ರು:
ಸ್ನೇಹಿತರ ನಡುವೆಯೂ ಗಾಯ ಇರುತ್ತದೆ. ಅದು ವೈರಿಯ ಗಾಯಕ್ಕಿಂತ ಜಾಸ್ತಿ ದಿನ ನೋಯುತ್ತದೆ.

1940ರ ಜುಲೈ 3. ಫ್ರಾನ್ಸ್ ಸೋತು ಶರಣಾಗಿತ್ತು. ಫ್ರೆಂಚ್ ಯುದ್ಧನೌಕೆಗಳು ಜರ್ಮನ್ನರ ಕೈಗೆ ಹೋಗಬಾರದು ಎಂದು ಬ್ರಿಟಿಷ್ ನೌಕಾಪಡೆ ಅಲ್ಜೀರಿಯಾದ ಮೆರ್ಸ್-ಎಲ್-ಕೆಬೀರ್ ಬಂದರಿನಲ್ಲಿ ಅವುಗಳ ಮೇಲೆ ಗುಂಡು ಹಾರಿಸಿತು. ಸುಮಾರು 1,300 ಫ್ರೆಂಚ್ ನಾವಿಕರು ಸತ್ತರು. ನಿನ್ನೆಯವರೆಗೆ ಜೊತೆಯಲ್ಲಿದ್ದವರ ಕೈಯಲ್ಲಿ.

ಆಮೇಲೆ 1944ರ ಬೇಸಿಗೆ. ನಾರ್ಮಂಡಿಯನ್ನು ಬಿಡಿಸಲು ಬಂದ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಕಾನ್ ನಗರವನ್ನು ಬಾಂಬು ಹಾಕಿ ಪುಡಿ ಮಾಡಿದವು. ಬಿಡುಗಡೆ ಬಂದದ್ದು ಹೀಗೆ, ತಲೆಯ ಮೇಲೆ ಮನೆ ಕುಸಿದು.

ಈಗ ಇದನ್ನು ನೋಡಿ. ಇಂಗ್ಲೆಂಡಿನ ಕವೆಂಟ್ರಿಯನ್ನು 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಸುಟ್ಟವು. ಹಳೆಯ ಕೆಥೆಡ್ರಲ್‌ನ ಗೋಡೆಗಳು ಮಾತ್ರ ಉಳಿದವು. ಆ ಕವೆಂಟ್ರಿ 1957ರಲ್ಲಿ ಕಾನ್ ಜೊತೆ ಅವಳಿಯಾಯಿತು. ಒಂದನ್ನು ಸುಟ್ಟವರು ಜರ್ಮನ್ನರು. ಇನ್ನೊಂದನ್ನು ಕೆಡವಿದ್ದರಲ್ಲಿ ಬ್ರಿಟಿಷರೂ ಇದ್ದರು. ಯಾರು ಹಾಕಿದ ಬಾಂಬು ಎಂದು ಕೇಳುತ್ತಾ ಕೂತಿದ್ದರೆ ಆ ನಂಟು ಆಗುತ್ತಿರಲಿಲ್ಲ. ಬಾಂಬಿನ ಕೆಳಗೆ ಇದ್ದವರು ಬಾಂಬಿನ ಕೆಳಗೆ ಇದ್ದವರನ್ನು ಗುರುತು ಹಿಡಿದರು.

1963ರ ಪ್ಲಿಮತ್ ಮತ್ತು ಬ್ರೆಸ್ಟ್ ಕೂಡ ಹಾಗೆಯೇ. ಎರಡೂ ನೌಕಾಪಡೆಯ ಬಂದರು. ಪ್ಲಿಮತ್ ಮೇಲೆ ಜರ್ಮನ್ ಬಾಂಬು. ಬ್ರೆಸ್ಟ್‌ನಲ್ಲಿ ಜರ್ಮನ್ ಹಡಗುಗಳು ನಿಂತಿದ್ದವು, ಹಾಗಾಗಿ ಅದರ ಮೇಲೆ ಬ್ರಿಟಿಷ್ ಬಾಂಬು.

ಕಾಫಿ ತೋಟ:
ಹಾಗಾದರೆ ನನ್ನ ತಕರಾರು ವಾಪಸ್, ಅರ್ಧ. 1920ರಲ್ಲಿ ಫ್ರಾನ್ಸಿನ ಹಳ್ಳಿ ಮಾತ್ರ ಮಣ್ಣಾಗಿತ್ತು, ಶೆಫೀಲ್ಡ್ ಗೋಡೆಗಳು ನಿಂತಿದ್ದವು. ಅದಕ್ಕೇ ಕೊಡುವವರು, ತೆಗೆದುಕೊಳ್ಳುವವರು ಎಂಬ ಭೇದ. ಎರಡನೇ ಯುದ್ಧದಲ್ಲಿ ಎರಡೂ ಕಡೆ ಊರುಗಳು ಉರಿದವು. ಧರ್ಮತಾಯಿ ಹೋಗಿ ಅವಳಿ ಬಂದದ್ದು ಅದರಿಂದಲೇ ಇರಬೇಕು. ಪದ ಸುಮ್ಮನೆ ಬದಲಾಗಲಿಲ್ಲ.

ಉಣ್ಣೆ ಊರಿನವಳು:
ಇಷ್ಟು ದಿನ ನನಗೆ ಹೊಳೆಯದೇ ಇದ್ದದ್ದು ಇದೇ. ಥ್ಯಾಂಕ್ಸ್.

ಡೆವನ್ ಅಕ್ಕ:
ನೀವೆಲ್ಲ ಇತಿಹಾಸ ಹೇಳಿದಿರಿ, ನಾನು ಮನೆಯ ಕಥೆ ಹೇಳುತ್ತೇನೆ. ನಾನಿರುವುದು ಡೆವನ್‌ನ ಒಂದು ಹಳ್ಳಿಯಲ್ಲಿ, 22 ವರ್ಷದಿಂದ. ಡೆವನ್ ಕೌಂಟಿಗೂ ನಾರ್ಮಂಡಿಯ ಕಾಲ್ವಾದೋಸ್ ಜಿಲ್ಲೆಗೂ ನಂಟು ಇದೆ. ಹಾಗಾಗಿ ಈ ಕಡೆಯ ಹಳ್ಳಿಗಳು ಆ ಕಡೆಯ ಹಳ್ಳಿಗಳ ಜೊತೆ ಜೋಡಿಯಾಗಿವೆ. ಎರಡು ಕಡೆಯೂ ಹಸು, ಬೆಣ್ಣೆ, ಸೇಬಿನ ತೋಟ, ಸೇಬಿನ ಮದ್ಯ.

ಪದ್ಧತಿ ಹೀಗಿದೆ. ಒಂದು ವರ್ಷ ಅವರು ಬರುತ್ತಾರೆ, ಮರುವರ್ಷ ನಾವು ಹೋಗುತ್ತೇವೆ. ಹೋಟೆಲ್ ಇಲ್ಲ. ಮನೆಯಲ್ಲೇ ಇರಬೇಕು. ಇಡೀ ವ್ಯವಸ್ಥೆಯ ಜೀವ ಇರುವುದು ಈ ಒಂದು ನಿಯಮದಲ್ಲಿ. ಬಸ್ಸು ಸಂಜೆ ಬಂದು ನಿಲ್ಲುತ್ತದೆ. ಒಬ್ಬರು ಪಟ್ಟಿ ಹಿಡಿದು ಹೆಸರು ಕರೆಯುತ್ತಾರೆ. ನಿಮ್ಮ ಪಾಲಿಗೆ ಬಂದವರನ್ನು ಮನೆಗೆ ಕರೆದುಕೊಂಡು ಹೋಗುತ್ತೀರಿ. ಸಹಿ ಹಾಕಿದ ಸನ್ನದು ಎರಡೂ ಊರಿನ ಗೋಡೆಯ ಮೇಲೆ ಇರುತ್ತದೆ, ಯಾರೂ ಅದನ್ನು ಓದುವುದಿಲ್ಲ.

ಮೊದಲ ಸಲ ನಮ್ಮ ಮನೆಗೆ ಬಂದವರು ಎಪ್ಪತ್ತು ದಾಟಿದ ಗಂಡ ಹೆಂಡತಿ. ಅವರಿಗೆ ಇಂಗ್ಲಿಷ್ ಬರದು, ನನಗೆ ಫ್ರೆಂಚ್ ಬರದು. ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿದ ಸದ್ದಿಗೆ ಆಕೆ ಅಡುಗೆಮನೆಗೆ ಬಂದು ನಿಂತರು. ಕರಿಬೇವಿನ ಎಲೆ ಮೂಸಿ ನೋಡಿದರು. ಅಮ್ಮನ ಜೊತೆ ಮಾತಾಡಿದಷ್ಟೇ ಮಾತಾಡಿದೆವು ಆ ದಿನ, ಅವರು ಅವರ ಭಾಷೆಯಲ್ಲಿ, ನಾನು ಕನ್ನಡದಲ್ಲಿ.

ಮರುವರ್ಷ ನಾವು ಅವರ ಮನೆಗೆ ಹೋದೆವು. ಆಗ ಅವರ ಮಗಳು ಇದ್ದಳು, ಇಂಗ್ಲಿಷ್ ಬರುತ್ತಿತ್ತು. ಯಜಮಾನರು ನನ್ನನ್ನು ಹೊಲದ ಅಂಚಿಗೆ ಕರೆದುಕೊಂಡು ಹೋದರು. ಅಲ್ಲೊಂದು ಹಳ್ಳ. 1944ರ ಬೇಸಿಗೆಯಲ್ಲಿ ಬಾಂಬು ಬೀಳುವಾಗ ಅವರ ತಾಯಿ ಮಕ್ಕಳನ್ನು ಅದರಲ್ಲಿ ಮಲಗಿಸಿ ಮೇಲೆ ತಾನು ಮಲಗುತ್ತಿದ್ದರಂತೆ. ವಿಮಾನ ಯಾರದ್ದು ಎಂದು ನಾನು ಕೇಳಲಿಲ್ಲ. ಅವರೇ ಮಗಳ ಬಾಯಲ್ಲಿ ಹೇಳಿಸಿದರು: ನಿಮ್ಮವರದ್ದು, ಆದರೆ ಅವರು ಬರದಿದ್ದರೆ ನಾವು ಇರುತ್ತಿರಲಿಲ್ಲ. ನಿಮ್ಮವರು ಅಂದದ್ದು ನನ್ನನ್ನೂ ಸೇರಿಸಿ. ಮೈಸೂರು ಸೀಮೆಯಿಂದ ಬಂದವಳು ನಾನು, ಆ ಹೊತ್ತಿಗೆ ಆ ಮಾತಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅವರ ಕೈ ಹಿಡಿದುಕೊಂಡೆ.

ಈಗ ನಮ್ಮ ಗುಂಪು ಚಿಕ್ಕದಾಗಿದೆ. ಇರುವವರೆಲ್ಲ ವಯಸ್ಸಾದವರು. ಬ್ರೆಕ್ಸಿಟ್ ಆದಮೇಲೆ ಇನ್ನೂ ಕಷ್ಟ. 2021ರ ಅಕ್ಟೋಬರ್‌ನಿಂದ ಫ್ರೆಂಚ್ ಮಕ್ಕಳು ಬರೀ ಗುರುತಿನ ಚೀಟಿ ಹಿಡಿದು ಬರುವ ಹಾಗಿರಲಿಲ್ಲ, ಪಾಸ್‌ಪೋರ್ಟ್ ಬೇಕಾಯಿತು. ಎಷ್ಟೋ ಶಾಲೆಗಳು ಪ್ರವಾಸ ನಿಲ್ಲಿಸಿದವು. ಶಾಲೆಯ ಗುಂಪುಗಳಿಗೆ 2023ರ ಡಿಸೆಂಬರ್ ಕೊನೆಯಿಂದ ಆ ನಿಯಮ ಸಡಿಲ ಮಾಡಿದ್ದಾರೆ. ಒಂದು ಸಲ ಕಡಿದ ಅಭ್ಯಾಸ ಮತ್ತೆ ಹತ್ತುವುದು ನಿಧಾನ. ನಮ್ಮ ಬಸ್ಸಿನಲ್ಲಿ ಈಗ ಸೀಟು ಖಾಲಿ ಇರುತ್ತದೆ, ನನಗೆ ಅದು ತುಂಬಾ ನೋವಿನ ವಿಷಯ.

ರೈಲು ಹುಚ್ಚ:
ಅಕ್ಕ, ಇದನ್ನು ಓದಿ ಎರಡು ನಿಮಿಷ ಸುಮ್ಮನೆ ಕೂತೆ.

ಚರಿತ್ರೆ ಮೇಷ್ಟ್ರು:
ನೀವು ಹೇಳಿದ್ದು ಕೀತ್ಲಿಯ 66 ವರ್ಷಕ್ಕೂ ಹೊಂದುತ್ತದೆ ತಾಯಿ. 1974ರಲ್ಲಿ ಇಂಗ್ಲೆಂಡಿನ ಸ್ಥಳೀಯ ಆಡಳಿತವನ್ನೇ ಬದಲಿಸಿದರು. ಕೀತ್ಲಿಯ ಪುರಸಭೆ ಹೋಗಿ ಊರು ಬ್ರಾಡ್‌ಫರ್ಡ್ ಕೈಕೆಳಗೆ ಬಂತು. 1920ರಲ್ಲಿ ದತ್ತು ತೆಗೆದುಕೊಂಡ ಆ ಪುರಸಭೆಯೇ 1986ಕ್ಕೆ ಇರಲಿಲ್ಲ. ಫ್ರಾನ್ಸಿನಲ್ಲಿ ಹಾಗಲ್ಲ, ಇನ್ನೂರು ಮನೆಯ ಹಳ್ಳಿಗೂ ತನ್ನದೇ ಮೇಯರ್. ಕಚೇರಿ ಮುಚ್ಚಿದ ಮೇಲೂ ಹೆಸರು ಉಳಿಯಬೇಕಾದರೆ ಅದನ್ನು ಜನರೇ ನೆನಪಿಟ್ಟಿರಬೇಕು.

ಕಾಫಿ ತೋಟ:
ಉಣ್ಣೆ ಊರಿನವರೇ, ನೀವು ಪ್ವಾ-ದ್ಯು-ನೋರ್ ನೋಡಿದ್ದೀರಾ?

ಉಣ್ಣೆ ಊರಿನವಳು:
ಇಲ್ಲ. ಈ ಚರ್ಚೆ ಶುರು ಮಾಡುವಾಗ ಹೋಗುವ ಯೋಚನೆಯೂ ಇರಲಿಲ್ಲ. ಈಗ ಇದೆ. ಬೆಲ್ಜಿಯಂ ಗಡಿಗೆ ಹತ್ತಿರದ ಊರು. ಲೀಲ್‌ವರೆಗೆ ರೈಲು, ಅಲ್ಲಿಂದ ಕಾರು. ದಾರಿಯಲ್ಲಿ ಸೇರ್‌ಗೂ ಹೋಗಬೇಕು, ಸ್ವಲ್ಪ ಸುತ್ತಾದರೂ ಸರಿ. ಅಲ್ಲಿ ಶೆಫೀಲ್ಡಿನವರು ನಿಲ್ಲಿಸಿದ ಸ್ಮಾರಕ ಇದೆ. ಮೇಷ್ಟ್ರೇ, ನಿಮಗೆ ಫೋಟೋ ಕಳಿಸುತ್ತೇನೆ.

ಚರಿತ್ರೆ ಮೇಷ್ಟ್ರು:
ಖಂಡಿತ ಕಳಿಸಿ. ಇಷ್ಟು ವರ್ಷ ಪುಸ್ತಕದಲ್ಲೇ ನೋಡಿದ ಜಾಗ. ಹೊಲದ ಒಳಗೆ ಮಾತ್ರ ಕಾಲಿಡಬೇಡಿ. ಇವತ್ತಿಗೂ ಉಳುವಾಗ ಸಿಡಿಯದ ಶೆಲ್‌ಗಳು ಮೇಲೆ ಬರುತ್ತವೆ. ದಾರಿಯಲ್ಲೇ ನಡೆಯಿರಿ.

ಉಣ್ಣೆ ಊರಿನವಳು:
ಆಗಲಿ ಮೇಷ್ಟ್ರೇ. ಅಕ್ಕ, ಗೊತ್ತಿಲ್ಲದ ಊರಿಗೆ ಕೈಬೀಸಿಕೊಂಡು ಹೋಗಲು ಮನಸ್ಸಿಲ್ಲ. ಮೈಸೂರು ಪಾಕ್ ಮಾಡಿಕೊಂಡು ಹೋಗಲಾ?

ಡೆವನ್ ಅಕ್ಕ:
ಬೇಡಮ್ಮ. ಬ್ರೆಕ್ಸಿಟ್ ಆದಮೇಲೆ ಇಲ್ಲಿಂದ ಹಾಲಿನದ್ದು, ಮಾಂಸದ್ದು ಒಯ್ಯುವ ಹಾಗಿಲ್ಲ. ತುಪ್ಪದ ತಿಂಡಿ ಹಿಡಿದು ಗಡಿಯಲ್ಲಿ ಯಾಕೆ ತಲೆಬಿಸಿ? ಎಣ್ಣೆಯಲ್ಲಿ ಕರಿದ ಕೋಡುಬಳೆ ಒಯ್ಯಿ, ಹತ್ತು ದಿನ ಇರುತ್ತದೆ. ಹಿಟ್ಟು ಕಲಸುವಾಗ ಬೆಣ್ಣೆ ಬೇಡ, ಕಾಯಿಸಿದ ಎಣ್ಣೆ ಹಾಕು. ಖಾರ ಕಡಿಮೆ ಇರಲಿ, ಅವರಿಗೆ ತಡೆಯುವುದಿಲ್ಲ.